ಚಾಪೆಗೆ ಕೊಟ್ಟ ಮುತ್ತು

ಇವತ್ತು ಬೆಳಿಗ್ಗೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಕುಸ್ತಿಯ ಹಳೇ ತುಣುಕೊಂದು ಕಣ್ಣಿಗೆ ಬಿತ್ತು.

ಸೋವಿಯತ್ ಪೈಲ್ವಾನ ಅಲೆಕ್ಸಾಂಡರ್ ಮೆದ್ವೆದ್ ಒಂದು ಕಡೆ. ಅಮೆರಿಕದ ಕ್ರಿಸ್ ಟೇಲರ್ ಇನ್ನೊಂದು ಕಡೆ. ಟೇಲರ್ ತೂಕ 180 ಕಿಲೋ ದಾಟಿತ್ತು, ಮೆದ್ವೆದ್ ಅವನಿಗಿಂತ ಸುಮಾರು 70 ಕಿಲೋ ಕಡಿಮೆ. ಆಗ ಹೆವಿವೇಟ್‌ಗೆ ಮೇಲಿನ ಮಿತಿಯೇ ಇರಲಿಲ್ಲ ನೋಡಿ.

ಮೆದ್ವೆದ್‌ನ ಕಾಲುಗಳನ್ನೇ ನೋಡ್ತಾ ಕೂತೆ.

ಇಂಥ ಎದುರಾಳಿಯ ಕಾಲಿಗೆ ಆತುರದಲ್ಲಿ ಕೈಹಾಕಬಾರದು. ತಲೆ ಕೆಳಗಾಗಿ, ಸೊಂಟ ಹಿಂದೆ ಉಳಿದರೆ ಆ ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತೆ. ಆಮೇಲೆ ಎದ್ದ ಹಾಗೆಯೇ! ಮೊದಲು ಅವನನ್ನು ಸುತ್ತಿಸಬೇಕು, ತೋಳು ಎಳೆದು ಹೆಜ್ಜೆ ಕೀಳಿಸಬೇಕು. ಭಾರವೆಲ್ಲ ಒಂದು ಕಾಲಿಗೆ ಬಂದ ಕ್ಷಣದಲ್ಲೇ ಪಟ್ಟು. ಆಗ ಕುಸ್ತಿ ಅಂದರೆ ಮೂರು ನಿಮಿಷದ ಮೂರು ಸುತ್ತು. ದೊಡ್ಡ ದೇಹಕ್ಕೆ ಮೊದಲು ಕೈಕೊಡೋದು ಉಸಿರು.

ಮೆದ್ವೆದ್ ಗೆದ್ದಿದ್ದು ಕೂದಲೆಳೆ ಅಂತರದಲ್ಲಿ. ಟೇಲರ್‌ಗೆ ಬಿದ್ದ ದಂಡದ ಬಗ್ಗೆ ತಕರಾರೂ ಎದ್ದಿತು, ಆ ತಕರಾರಿನಲ್ಲಿ ಹುರುಳಿಲ್ಲ ಅನ್ನಲಾರೆ. ಆದರೂ ಆ ಕಾಲ್ಚಳಕ ನನಗಂತೂ ಅಪ್ಪಟ ವಿದ್ಯೆ.

ಮೆದ್ವೆದ್‌ನ ಒಲಿಂಪಿಕ್ಸ್ ಲೆಕ್ಕ ಇದು: 1964ರಲ್ಲಿ ಟೋಕಿಯೊ, 97 ಕಿಲೋ ತೂಕದ ವರ್ಗ. 1968ರಲ್ಲಿ ಮೆಕ್ಸಿಕೊ, 97ರ ಮೇಲೆ. 1972ರಲ್ಲಿ 100ರ ಮೇಲೆ. ಮೂರೂ ಚಿನ್ನ. ಜೊತೆಗೆ ಏಳು ವಿಶ್ವ ಪ್ರಶಸ್ತಿ. ಉಕ್ರೇನಿನಲ್ಲಿ ಹುಟ್ಟಿ ಬೆಲಾರುಸ್‌ನ ಮಿನ್‌ಸ್ಕ್‌ನಲ್ಲಿ ಬೆಳಗಿದ ಮನುಷ್ಯ. ಮೆದ್ವೆದ್ ಅಂದರೆ ರಷ್ಯನ್‌ನಲ್ಲಿ ಕರಡಿ, ಹೆಸರು ಎಷ್ಟು ಚೆನ್ನಾಗಿ ಒಪ್ಪಿದೆ!

ಮ್ಯೂನಿಕ್‌ನಲ್ಲಿ ಕೊನೆಯ ಕುಸ್ತಿ ಬಲ್ಗೇರಿಯದ ಒಸ್ಮಾನ್ ದುರಾಲಿಯೆವ್ ಜೊತೆ. ಗೆದ್ದ. ಕೈ ಎತ್ತಿ ಕುಣಿಯಲಿಲ್ಲ. ಮಂಡಿಯೂರಿ, ಬಾಗಿ, ಚಾಪೆಗೆ ಮುತ್ತಿಟ್ಟ.

ಆಮೇಲೆ ಎದ್ದು ಹೊರಗೆ ನಡೆದ.