ಗುಡ್ಡದ ಫ್ಯಾನು ಎಷ್ಟು ಎತ್ತರ?

ಮೊನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದಳು. "ಅಪ್ಪಾ, ಅಜ್ಜನ ಊರಲ್ಲಿ ಶಾಲೆ ಕಿಟಕಿಯಿಂದಾನೇ ಅಷ್ಟೊಂದು ಫ್ಯಾನ್ ಕಾಣ್ತಾವಲ್ಲ, ಅಲ್ಲಿ ಮಕ್ಕಳಿಗೆ ಗಣಿತ ಬಹಳ ಸುಲಭ, ಅಲ್ವಾ?"

ನಾನು ಸುಮ್ನೆ ಅನ್ನ ಕಲಸಿದೆ.

ಆ ವಾರ ಅವಳ ಟೀಚರ್ ಇಡೀ ಕ್ಲಾಸನ್ನು ಊರಾಚೆಯ ಅಂಥದೇ ಒಂದು ಫ್ಯಾನಿನ, ಅಂದರೆ ಕರೆಂಟು ತೆಗೆಯುವ ಗಾಳಿಯಂತ್ರದ ಹತ್ತಿರ ಕರೆದುಕೊಂಡು ಹೋಗಿದ್ದರು. ಡೆನ್ಮಾರ್ಕಿನಲ್ಲಿ ಇವು ಎಲ್ಲಿ ನೋಡಿದರೂ ಇವೆ. ಮಕ್ಕಳ ಕೈಯಲ್ಲಿ ಒಂದು ಕೋನಮಾಪಕ, ಅದಕ್ಕೆ ಅಂಟಿಸಿದ ಸ್ಟ್ರಾ, ನಡುವಿನಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಒಂದು ನಟ್ಟು. ರೆಕ್ಕೆಗಳು ಕೂಡುವ ಜಾಗವನ್ನು ಸ್ಟ್ರಾದಲ್ಲಿ ನೋಡುತ್ತಾ ಹಿಂದೆ ಸರಿಯಬೇಕು. ದಾರ 45 ಡಿಗ್ರಿ ತೋರಿಸಿದಲ್ಲಿ ನಿಲ್ಲಬೇಕು. ಅಲ್ಲಿಂದ ಕಂಬ ಎಷ್ಟು ದೂರವೋ, ಕಣ್ಣಿನ ಮಟ್ಟದಿಂದ ಮೇಲಕ್ಕೆ ಅಷ್ಟೇ ಎತ್ತರ. ಟೇಪ್ ಹಿಡಿದರೆ 78 ಮೀಟರ್ ಬಂತಂತೆ. ಅದಕ್ಕೆ ತನ್ನ ಕಣ್ಣಿನ ಎತ್ತರವನ್ನೂ ಕೂಡಿಸಬೇಕು ಅಂತ ಮೊದಲು ಹೊಳೆದದ್ದು ತನಗೇ ಅಂತ ಇವಳಿಗೆ ಜಂಬ. ತ್ರಿಕೋನಮಿತಿಯ ಟ್ಯಾನ್ ಅನ್ನೋ ಹೆಸರೇ ಇವಳು ಇನ್ನೂ ಕೇಳಿಲ್ಲ.

ನಮಗೆ ಆ ಹೆಸರು ಚೆನ್ನಾಗಿ ಗೊತ್ತಿತ್ತು. ಟ್ಯಾನ್ 45 ಅಂದರೆ 1, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. ಗದಗ ಕಡೆಯ ನಮ್ಮ ಕಪ್ಪತಗುಡ್ಡಕ್ಕೆ ಫ್ಯಾನುಗಳು ಬಂದಾಗ, ಒಂದೊಂದೇ ರೆಕ್ಕೆ ಹೊತ್ತ ಉದ್ದನೆ ಲಾರಿ ತಿರುವಿನಲ್ಲಿ ಹಿಂದೆ ಮುಂದೆ ಆಡುವುದನ್ನು ನೋಡಲು ಅರ್ಧ ಊರೇ ನಿಂತಿತ್ತು. ಮರುದಿನ ಕ್ಲಾಸಿನಲ್ಲಿ ಅದರ ಸುದ್ದಿಯೇ ಇಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ ಅನ್ನೋದನ್ನು ನಾನು ಕಲಿತದ್ದು ಹುಬ್ಬಳ್ಳಿಗೆ ಇಂಜಿನಿಯರಿಂಗ್ ಓದಲು ಬಂದ ಮೇಲೆ, ಅದೂ ಜೆರಾಕ್ಸ್ ನೋಟ್ಸಿನಲ್ಲಿ. ಆಷಾಢದ ಗಾಳಿಗೆ ಮೈಯೊಡ್ಡಿ ಬೆಳೆದವರು ನಾವು!

ಇಲ್ಲಿ ಡೆನ್ಮಾರ್ಕಿನಲ್ಲಿ, 1891ರಲ್ಲಿ ಆಸ್ಕೋವ್ ಅನ್ನೋ ಹಳ್ಳಿಯಲ್ಲಿ ಗಾಳಿಯಿಂದ ಕರೆಂಟು ತೆಗೆದ ಪೌಲ್ ಲಾ ಕೂರ್ ಒಬ್ಬ ಮೇಷ್ಟ್ರು. ಯಂತ್ರ ನಿಂತದ್ದು ಶಾಲೆಯ ಪಕ್ಕದಲ್ಲೇ. ರೈತರ ಮಕ್ಕಳಿಗೆ ಅದೇ ಪ್ರಯೋಗಶಾಲೆ. ನಮ್ಮ ಧಾರವಾಡಕ್ಕೂ 2016ರಲ್ಲಿ ಐಐಟಿ ಬಂತು, ಹೆಮ್ಮೆಯೇ. ಆದರೆ ಅದರ ಹೆಸರಿನಲ್ಲಿ ಎಂಟನೇ ಕ್ಲಾಸಿನಿಂದಲೇ ಕೋಚಿಂಗಿಗೆ ಕಟ್ಟಿಹಾಕಿದ ಹುಡುಗರು ತಲೆ ಎತ್ತಿ ಗುಡ್ಡ ನೋಡುವುದು ಯಾವಾಗ?

ಅಕ್ಕ ನಮ್ಮೂರಲ್ಲೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಫೋನಿನಲ್ಲಿ ಇದನ್ನೇ ಹೇಳಿದೆ. ಸರಿಯಾಗಿ ಬೈದಳು. "ತಮ್ಮಾ, ಪೋರ್ಶನ್ ಮುಗಸೂದ್ರಾಗ ಸಾಕಾಗಿ ಹೋಗ್ತೈತಿ. ಅರವತ್ತು ಹುಡುಗರನ್ನ ಗುಡ್ಡಕ್ಕ ಕರ್ಕೊಂಡು ಹೋಗಿ, ಯಾರಿಗರ ಹಾವು ಕಡದ್ರ ಡೆನ್ಮಾರ್ಕಿನಿಂದ ನೀ ಬರ್ತೀ ಏನು?"

ಮಾತು ಖರೆ. ಹೊರಗೆ ಕೂತು ಹೇಳುವುದು ಸುಲಭ.

ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ನಿಮ್ಮಲ್ಲಿ ನೆಲ ಸಪಾಟ ಐತಿ. ನಮ್ಮ ಫ್ಯಾನು ಗುಡ್ಡದ ನೆತ್ತಿ ಮ್ಯಾಲೆ. ಬುಡಕ್ಕ ಟೇಪ್ ಹಿಡಿಯಾಕ ಬರಂಗಿಲ್ಲ. ಎರಡು ಕಡೆ ನಿಂತು ಎರಡು ಕೋನ ಅಳೀಬೇಕು, ಎಸ್ಸೆಸ್ಸೆಲ್ಸಿ ಪುಸ್ತಕದಾಗಿನ ಲೆಕ್ಕಾನ ಅದು. ಮೈದಾನದಾಗ ನಾಕು ಹೆಜ್ಜಿ ಸರದ್ರ ದಾರ ಅಲ್ಲಾಡಂಗಿಲ್ಲ, ಗುಡ್ಡ ದೂರ ಐತಿ. ಒಂದು ಮೈದಾನದಿಂದ, ಇನ್ನೊಂದು ಕೆರಿ ಏರಿ ಮ್ಯಾಲಿಂದ ಅಳದ್ರ ಆದೀತು."

ಪಕ್ಕದಲ್ಲಿದ್ದ ಮಗಳು ತಲೆ ಹಾಕಿದಳು. "ಅತ್ತೆ, ಏರಿ ಮೈದಾನಕ್ಕಿಂತ ಎತ್ತರ ಇರಲ್ವಾ? ಅದನ್ನೂ ಲೆಕ್ಕಕ್ಕೆ ತಗೋಬೇಕಲ್ಲ?"

"ತಮ್ಮಾ, ನೀ ಅತ್ತ ಸರಿ. ಅಕಿ ಕೈಯಾಗ ಫೋನ್ ಕೊಡು" ಅಂದಳು ಅಕ್ಕ.