ಮಾರ್ಕೆಟ್ ಬಿದ್ದಿದೆ, ಎಸ್‌ಐಪಿ ನಿಲ್ಲಿಸಿಬಿಡಲಾ?

ಷೇರುಪೇಟೆ ನಾಲ್ಕು ದಿನ ಸತತವಾಗಿ ಇಳಿದರೆ ಸಾಕು, ನನ್ನ ಫೋನಿಗೆ ಇದೇ ಪ್ರಶ್ನೆ ಬರುತ್ತದೆ. "ಮೇಡಂ, ಮಾರ್ಕೆಟ್ ಬಿದ್ದಿದೆಯಂತೆ. ಎಸ್‌ಐಪಿ ನಿಲ್ಲಿಸಿಬಿಡಲಾ? ಇರೋದನ್ನ ತೆಗೆದು ಎಫ್‌ಡಿಗೆ ಹಾಕಲಾ?" ಎಸ್‌ಐಪಿ ಎಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವ ಕಂತು. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು ಎಂದು ಅಕ್ಕಪಕ್ಕದವರು, ನೆಂಟರು, ಹಳೆಯ ಗ್ರಾಹಕರು ಕೇಳುತ್ತಾರೆ. ಕೇಳಲೇಬೇಕು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ದುಡ್ಡು, ಅಲ್ವಾ?

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಆ ದುಡ್ಡು ನಿಮಗೆ ಯಾವಾಗ ಬೇಕು? ಪೇಟೆ ಮುಂದಿನ ತಿಂಗಳು ಎಲ್ಲಿರುತ್ತದೆ ಎಂದು ನಾನು ಹೇಳಲಾರೆ. ಟಿವಿಯಲ್ಲಿ ಕೂತು ಮಾತಾಡುವವರೂ ಹೇಳಲಾರರು. ಆದರೆ ಮಗಳ ಕಾಲೇಜು ಫೀಸನ್ನು ಯಾವ ವರ್ಷ ಕಟ್ಟಬೇಕು ಎಂಬುದು ನಿಮಗೆ ಗೊತ್ತಿದೆ. ನನ್ನ ಉತ್ತರವೆಲ್ಲ ಅದರ ಮೇಲೆ ನಿಂತಿದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿದ್ದರೆ ಪೇಟೆ ಏರುತ್ತದೆ, ಕೆಟ್ಟರೆ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. 2020 ನೆನಪಿಸಿಕೊಳ್ಳಿ. ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್, ಅಂದರೆ ಮುಂಬೈ ಷೇರುಪೇಟೆಯ ಸೂಚ್ಯಂಕ, ಶೇ 13ರಷ್ಟು ಬಿದ್ದು 25,981ಕ್ಕೆ ಬಂತು. ಮರುದಿನ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಅಂಗಡಿಗಳು ಮುಚ್ಚಿದವು, ಬಸ್ಸು ರೈಲು ನಿಂತವು, ಸಂಬಳಕ್ಕೆ ಕತ್ತರಿ ಬಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆ, ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಗ್ಗಿದೆ ಎಂದು ಸರ್ಕಾರದ ಮೊದಲ ಅಂದಾಜು ಹೇಳಿತು. ಅಂಥ ಕುಸಿತವನ್ನು ನಮ್ಮ ಪೀಳಿಗೆ ಕಂಡಿರಲಿಲ್ಲ. ಆದರೆ ಅದೇ ಜೂನ್ ಕೊನೆಗೆ ಸೆನ್ಸೆಕ್ಸ್ 35,000ದ ಹತ್ತಿರ ಬಂದು ನಿಂತಿತ್ತು. ನವೆಂಬರ್‌ನಲ್ಲಿ ಕೊರೋನಾಗೆ ಮುಂಚಿನ ಎತ್ತರವನ್ನೂ ದಾಟಿತು.

2024ರಲ್ಲಿ ಇದರ ಉಲ್ಟಾ ಆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಸೆನ್ಸೆಕ್ಸ್ 86,000ದ ಅಂಚಿನಲ್ಲಿತ್ತು. ಆಮೇಲೆ ವಿದೇಶಿ ಹೂಡಿಕೆದಾರರು ಮಾರತೊಡಗಿದರು. ಅಕ್ಟೋಬರ್ ಒಂದೇ ತಿಂಗಳಲ್ಲಿ ಸುಮಾರು 94,000 ಕೋಟಿ ರೂಪಾಯಿ ನಮ್ಮ ಷೇರುಗಳಿಂದ ಹೊರಗೆ ಹೋಯಿತು. 2025ರ ಮಾರ್ಚ್ ಮೊದಲ ವಾರದಲ್ಲಿ ಸೆನ್ಸೆಕ್ಸ್ 73,000ಕ್ಕಿಂತ ಕೆಳಗಿತ್ತು. ಅಷ್ಟು ಹೊತ್ತೂ ದೇಶ ಬೆಳೆಯುತ್ತಲೇ ಇತ್ತು. ಬೆಳೆಯುವ ವೇಗ ತಗ್ಗಿತ್ತು, ಕಂಪನಿಗಳ ಲಾಭ ನಿರೀಕ್ಷೆಯಷ್ಟು ಬರಲಿಲ್ಲ, ಷೇರುಗಳು ಮೊದಲೇ ದುಬಾರಿಯಾಗಿದ್ದವು.

ಪೇಟೆ ಇವತ್ತಿನ ವ್ಯಾಪಾರಕ್ಕೆ ಬೆಲೆ ಕಟ್ಟುವುದಿಲ್ಲ. ಮುಂದೆ ಬರಬಹುದಾದ ಲಾಭಕ್ಕೆ ಕಟ್ಟುತ್ತದೆ. ಜೊತೆಗೆ ಬಡ್ಡಿಯ ದರವನ್ನೂ ನೋಡುತ್ತದೆ. 2020ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 5.15ರಿಂದ ಶೇ 4ಕ್ಕೆ ಇಳಿಸಿತು. ಎಫ್‌ಡಿಯಲ್ಲಿ ಏನೂ ಗಿಟ್ಟುವುದಿಲ್ಲ ಎಂದಾದಾಗ ದುಡ್ಡು ಷೇರಿನ ಕಡೆ ಹರಿಯಿತು. ಹೀಗಾಗಿ ಬೆಳಗಿನ ಪೇಪರಿನಲ್ಲಿ ಆರ್ಥಿಕ ಸುದ್ದಿ ಓದಿ ಸಂಜೆಯೊಳಗೆ ಮ್ಯೂಚುವಲ್ ಫಂಡ್ ಮಾರುವುದರಲ್ಲಿ ಅರ್ಥವಿಲ್ಲ. ಆ ಸುದ್ದಿ ಬೆಲೆಯೊಳಗೆ ಆಗಲೇ ಸೇರಿರುತ್ತದೆ.

ಇನ್ನು ಪೇಟೆಯ ಮನಸ್ಥಿತಿ. ಇದಕ್ಕೆ 2024ರ ಜೂನ್ ತಿಂಗಳ ಮೊದಲ ವಾರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. ಜೂನ್ 3ರ ಸೋಮವಾರ ಸೆನ್ಸೆಕ್ಸ್ 2,500 ಅಂಶ ಏರಿತು. ಮಂಗಳವಾರ ಮತ ಎಣಿಕೆ. ಫಲಿತಾಂಶ ಸಮೀಕ್ಷೆಯಂತೆ ಬರಲಿಲ್ಲ, ಒಂದೇ ದಿನ ಸುಮಾರು 4,390 ಅಂಶ ಬಿತ್ತು. ಅದೇ ಶುಕ್ರವಾರದ ಹೊತ್ತಿಗೆ ಸೂಚ್ಯಂಕ ಸೋಮವಾರದ ಮಟ್ಟಕ್ಕಿಂತಲೂ ಮೇಲಿತ್ತು! ಈ ಐದು ದಿನದಲ್ಲಿ ಯಾವ ಕಾರ್ಖಾನೆಯೂ ಮುಚ್ಚಲಿಲ್ಲ, ಯಾವ ಹೊಸ ಗಣಿಯೂ ಸಿಗಲಿಲ್ಲ. ಬದಲಾದದ್ದು ಜನರ ಅಂದಾಜು, ಭಯ, ಆಸೆ. ಮಂಗಳವಾರ ಮಧ್ಯಾಹ್ನ ಮಾರಿದವರಿಗೆ ಮಾತ್ರ ಆ ನಷ್ಟ ನಿಜವಾದ ನಷ್ಟವಾಗಿ ಉಳಿಯಿತು.

ಹಾಗಾದರೆ ಆರ್ಥಿಕ ಸ್ಥಿತಿ ನಮ್ಮಂಥವರಿಗೆ ತಟ್ಟುವುದೇ ಇಲ್ಲವಾ? ತಟ್ಟುತ್ತದೆ, ಜೋರಾಗಿಯೇ ತಟ್ಟುತ್ತದೆ. ಆದರೆ ಸೆನ್ಸೆಕ್ಸ್ ಮೂಲಕ ಅಲ್ಲ. ಸಂಬಳ, ಇಎಂಐ, ದಿನಸಿ ಬೆಲೆ, ಇವುಗಳ ಮೂಲಕ ಬರುತ್ತದೆ. ಈ ಭಾಗವನ್ನು ಯಾರೂ ಸರಿಯಾಗಿ ಮಾತಾಡುವುದಿಲ್ಲ.

ಮನೆ ಸಾಲವನ್ನೇ ತಗೊಳ್ಳಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. 2019ರ ಅಕ್ಟೋಬರ್‌ನಿಂದ ಈಚೆಗೆ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಮನೆ ಸಾಲಗಳು ಹೆಚ್ಚಾಗಿ ರೆಪೊ ದರಕ್ಕೆ ಜೋಡಿಸಿದಂಥವು. 20 ವರ್ಷಕ್ಕೆ 30 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ಬಡ್ಡಿ ಶೇ 6.75 ಇದ್ದಾಗ ತಿಂಗಳ ಕಂತು ಸುಮಾರು 22,800 ರೂಪಾಯಿ. ಶೇ 9.25 ಆದರೆ ಸುಮಾರು 27,500. ಬ್ಯಾಂಕು ಕಂತು ಏರಿಸದೆ ಸಾಲದ ಅವಧಿ ಎಳೆದರೂ ಆ ಬಡ್ಡಿ ಕಟ್ಟುವವರು ನೀವೇ. ಕಂತು ಏರಿದ ಮನೆಯಲ್ಲಿ ತಿಂಗಳಿಗೆ 4,700 ರೂಪಾಯಿ ಎಲ್ಲಿಂದ ಬರಬೇಕು? ಶಾಲೆ ಫೀಸು ನಿಲ್ಲಿಸುವ ಹಾಗಿಲ್ಲ, ಹಾಲಿನವರಿಗೆ ಆಮೇಲೆ ಕೊಡ್ತೀನಿ ಅನ್ನುವ ಹಾಗಿಲ್ಲ. ಐದು ಸಾವಿರದ ಎಸ್‌ಐಪಿಯೇ ಮೊದಲು ಹೋಗುತ್ತದೆ. ಇಂಥ ಮನೆಯವರು "ಮಾರ್ಕೆಟ್ ಬಿದ್ದಿದೆ, ನಿಲ್ಲಿಸಲಾ" ಎಂದು ಕೇಳುವಾಗ, ಒಳಗಿನ ಮಾತು ಬೇರೆಯೇ ಇರುತ್ತದೆ: ಈ ತಿಂಗಳು ಸಾಲುತ್ತಿಲ್ಲ. ಅದಕ್ಕೆ ಬೇರೆ ಉತ್ತರ ಬೇಕು.

ನಿವೃತ್ತರ ಕಥೆ ಇನ್ನೂ ಕಠಿಣ. 2020ರ ಮಾರ್ಚ್‌ವರೆಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.6 ಬಡ್ಡಿ ಇತ್ತು. ಏಪ್ರಿಲ್ 1ರಿಂದ ಶೇ 7.4 ಆಯಿತು. ಠೇವಣಿ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಆಗಿನ ಮಿತಿ 15 ಲಕ್ಷ. ಮಾರ್ಚ್‌ನಲ್ಲಿ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 32,250 ರೂಪಾಯಿ, ಏಪ್ರಿಲ್‌ನಲ್ಲಿ ಇಟ್ಟವರಿಗೆ 27,750. ಐದು ವರ್ಷಕ್ಕೆ 90,000 ರೂಪಾಯಿ ವ್ಯತ್ಯಾಸ. ಇಬ್ಬರೂ ಒಂದೇ ಥರ ದುಡಿದವರು, ಒಂದೇ ಥರ ಉಳಿಸಿದವರು. ಇವರು ಷೇರಿನ ಹೆಸರನ್ನೂ ಎತ್ತಿದವರಲ್ಲ. ಆದರೂ ಆ ವರ್ಷ ಹಣದುಬ್ಬರ ಸರಾಸರಿ ಶೇ 6ಕ್ಕಿಂತ ಜಾಸ್ತಿ ಇತ್ತು, ದೊಡ್ಡ ಬ್ಯಾಂಕುಗಳ ಸಾಮಾನ್ಯ ಎಫ್‌ಡಿ ಬಡ್ಡಿ ಅದಕ್ಕಿಂತ ಕಡಿಮೆ. ಎಫ್‌ಡಿಯಲ್ಲಿ ಅಸಲಿನ ಕೊಳ್ಳುವ ಶಕ್ತಿ ಕರಗುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಹಾಗಾಗಿ "ಎಲ್ಲ ತೆಗೆದು ಎಫ್‌ಡಿಗೆ ಹಾಕಿ ನಿಶ್ಚಿಂತೆಯಾಗಿರಿ" ಎಂದು ನಾನು ಯಾರಿಗೂ ಸುಲಭಕ್ಕೆ ಹೇಳುವುದಿಲ್ಲ.

"ನಮಗೂ ಷೇರಿಗೂ ಸಂಬಂಧವಿಲ್ಲ" ಎನ್ನುವವರಿಗೂ ಒಂದು ಮಾತು. ನೌಕರರ ಭವಿಷ್ಯ ನಿಧಿ ಸಂಸ್ಥೆ 2015ರಿಂದ ಹೊಸದಾಗಿ ಬರುವ ಹಣದ ಒಂದು ಪಾಲನ್ನು ಷೇರು ಸೂಚ್ಯಂಕದ ಫಂಡುಗಳಿಗೆ ಹಾಕುತ್ತಿದೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್‌ನಿಂದ ಈಚೆಗೆ ಸರ್ಕಾರಿ ಕೆಲಸಕ್ಕೆ ಸೇರಿದವರಲ್ಲಿ ಬಹುತೇಕರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿದ್ದಾರೆ, ಅದರಲ್ಲೂ ಷೇರಿನ ಪಾಲಿದೆ.

ಈಗ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುವ ವಿಷಯ. ಬಡ್ಡಿ ಕಡಿಮೆ, ಪೇಟೆ ಏರುಮುಖ, ಕೈಯಲ್ಲಿ ಮೊಬೈಲ್. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗಳು ಸುಮಾರು 4 ಕೋಟಿ ಇದ್ದವು. 2022ರ ಆಗಸ್ಟ್‌ನಲ್ಲಿ 10 ಕೋಟಿ ದಾಟಿದವು. ಆಗ ಬಂದ ಹುಡುಗರು ಏರುವ ಪೇಟೆಯನ್ನೇ ನೋಡಿದರು, ಅದೇ ಪೇಟೆಯ ಸ್ವಭಾವ ಎಂದುಕೊಂಡರು. ಅವರಲ್ಲಿ ಹಲವರು ಷೇರಿನಿಂದ, ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವಂಥ ಆಪ್ಷನ್ ವ್ಯವಹಾರಕ್ಕೆ ಇಳಿದರು. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿತು: ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳ ಪೈಕಿ ಶೇ 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಜಾಸ್ತಿ. ಅದು ಯಾರದೋ ಸಂಬಳ, ಅಪ್ಪನ ಪಿಂಚಣಿ, ಒಡವೆ ಅಡವಿಟ್ಟು ತಂದ ದುಡ್ಡು. ದಯವಿಟ್ಟು ನಿಮ್ಮ ಮನೆಯ ಹುಡುಗರ ಜೊತೆ ಕೂತು ಈ ಅಂಕಿ ತೋರಿಸಿ. ಬೈಯಬೇಡಿ, ಬೈದರೆ ನಷ್ಟವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಸಾಲ ಬೆಳೆಯುತ್ತದೆ.

ಮೂಲ ಪ್ರಶ್ನೆಗೆ ಬರೋಣ. ಪೇಟೆ ಬಿದ್ದರೂ ಎದ್ದೇ ಏಳುತ್ತದೆ, ಸುಮ್ನೆ ಇರಿ ಎಂದು ಹೇಳುವುದು ಸುಲಭ. 2020ರಲ್ಲಿ ಎಂಟು ತಿಂಗಳೊಳಗೆ ಎದ್ದಿತು, ನಿಜ. ಆದರೆ 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಗಿತ್ತು. 2010ರಲ್ಲಿ ಒಮ್ಮೆ ಹಳೆಯ ಮಟ್ಟಕ್ಕೆ ಬಂದು ಮತ್ತೆ ಜಾರಿತು. ಗಟ್ಟಿಯಾಗಿ ದಾಟಿದ್ದು 2013ರ ಕೊನೆಯ ಹೊತ್ತಿಗೆ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಕೊನೆಯ ಎತ್ತರವನ್ನು ಮತ್ತೆ ದಾಟಿದ್ದು 2024ರಲ್ಲಿ. ಕಾಯಲು ಆಗುವವರು ಮಾತ್ರ ಕಾಯಬಲ್ಲರು. ಕೆಟ್ಟ ಕಾಲದಲ್ಲಿ ಕೆಲಸ ಹೋಗುವುದು, ಪೇಟೆ ಬೀಳುವುದು ಎಷ್ಟೋ ಸಲ ಒಟ್ಟೊಟ್ಟಿಗೇ ಆಗುತ್ತದೆ. ಸಣ್ಣ ಹೂಡಿಕೆದಾರರನ್ನು ಮುಳುಗಿಸುವುದು ಕುಸಿತವಲ್ಲ, ಕುಸಿದ ದಿನವೇ ಮಾರಬೇಕಾದ ಇಕ್ಕಟ್ಟು.

ಅದಕ್ಕೇ ಕೇಳುತ್ತೇನೆ, ಯಾವಾಗ ಬೇಕು ಎಂದು. ಎರಡು ಮೂರು ವರ್ಷದೊಳಗೆ ಬೇಕಾದ ದುಡ್ಡು ಷೇರಿನ ಫಂಡಿನಲ್ಲಿ ಇರಲೇಬಾರದು, ಪೇಟೆ ಏರುತ್ತಿದ್ದಾಗಲೂ. ಮನೆಯ ಆರು ತಿಂಗಳ ಖರ್ಚು ಬೇಕೆಂದಾಗ ಸಿಗುವ ಎಫ್‌ಡಿಯಲ್ಲಿ ಇರಲಿ. ಬಡ್ಡಿ ಕಡಿಮೆಯಾದರೂ ಪರವಾಗಿಲ್ಲ, ಉಳಿದದ್ದನ್ನು ಬಿದ್ದ ಬೆಲೆಗೆ ಮಾರದಂತೆ ಕಾಯುವುದು ಅದೇ. ಹತ್ತು ಹದಿನೈದು ವರ್ಷ ಬಿಟ್ಟು ಬೇಕಾದ ದುಡ್ಡಾದರೆ ಎಸ್‌ಐಪಿ ನಿಲ್ಲಿಸಬೇಡಿ. ಯೂನಿಟ್ ಎಂದರೆ ಫಂಡಿನ ಒಂದು ಪಾಲು; ಅದರ ಬೆಲೆ 50 ರೂಪಾಯಿ ಇದ್ದಾಗ ಐದು ಸಾವಿರಕ್ಕೆ 100 ಯೂನಿಟ್, 40ಕ್ಕೆ ಇಳಿದರೆ 125. ಇಳಿದ ತಿಂಗಳುಗಳಲ್ಲೇ ಜಾಸ್ತಿ ಯೂನಿಟ್ ಬಂದು ಸೇರುತ್ತವೆ. 2025ರ ಮೊದಲ ತಿಂಗಳುಗಳಲ್ಲಿ ಹೊಸದಾಗಿ ಶುರುವಾದ ಎಸ್‌ಐಪಿಗಳಿಗಿಂತ ನಿಂತುಹೋದವೇ ಜಾಸ್ತಿ. ನಿಲ್ಲಿಸಿದವರಲ್ಲಿ ಎಷ್ಟೋ ಮಂದಿ ಬೆಲೆ ಇಳಿದ ಹೊತ್ತಿನಲ್ಲೇ ಕೊಳ್ಳುವುದನ್ನು ಬಿಟ್ಟರಲ್ಲ ಎಂದು ನನಗೆ ಸಂಕಟವಾಯಿತು.

ಸಂಬಳ ನಿಂತಿದ್ದರೆ, ಇಎಂಐ ಏರಿ ಉಸಿರು ಕಟ್ಟಿದ್ದರೆ ಎಸ್‌ಐಪಿ ನಿಲ್ಲಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡು ಎಸ್‌ಐಪಿ ಕಟ್ಟುವುದಂತೂ ಬೇಡವೇ ಬೇಡ, ಆ ಬಾಕಿಯ ಬಡ್ಡಿಯನ್ನು ಯಾವ ಫಂಡೂ ತೀರಿಸಲಾರದು. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಎಸ್‌ಐಪಿ ನಿಲ್ಲಿಸುವುದೇ ಬೇರೆ, ಯೂನಿಟ್ ಮಾರುವುದೇ ಬೇರೆ. ಕಂತು ನಿಲ್ಲಿಸಿದರೂ ಸೇರಿದ ಯೂನಿಟ್ ಹಾಗೇ ಇರುತ್ತವೆ. ಕೆಲವು ಫಂಡುಗಳಲ್ಲಿ ಕೆಲವು ತಿಂಗಳು ಮಾತ್ರ ತಡೆಹಿಡಿಯುವ ಅವಕಾಶವೂ ಇದೆ, ಅದನ್ನು ಮೊದಲು ಕೇಳಿ. ಖಾತೆಯಲ್ಲಿ ದುಡ್ಡಿಲ್ಲದೆ ಸುಮ್ಮನೆ ಬಿಟ್ಟರೆ ಬ್ಯಾಂಕು ಪ್ರತಿ ಸಲ ದಂಡ ಹಾಕುತ್ತದೆ, ತಿಂಗಳ ಎಸ್‌ಐಪಿಯ ಮೂರು ಕಂತು ಸತತವಾಗಿ ತಪ್ಪಿದರೆ ಅದು ತಾನಾಗಿಯೇ ರದ್ದಾಗುತ್ತದೆ. ಕಂತಿನ ದಿನಕ್ಕೆ ಒಂದು ವಾರ ಮುಂಚೆಯೇ ಅರ್ಜಿ ಹಾಕಿ. ಕೆಲಸ ಮತ್ತೆ ಸಿಕ್ಕ ಮೇಲೆ ಸಾವಿರ ರೂಪಾಯಿಂದಲೇ ಶುರು ಮಾಡಿದರೂ ಸಾಕು, ಅವತ್ತು ಸೆನ್ಸೆಕ್ಸ್ ಎಷ್ಟಿದೆ ಎಂದು ನೋಡಬೇಕಾಗಿಲ್ಲ.