ಕೀಲಿ ಒತ್ತಿದಾಗ ಆಗುವುದೇನು?

ಬೆರಳಚ್ಚು ಯಂತ್ರಕ್ಕೂ ಕಂಪ್ಯೂಟರಿನ ಕೀಲಿಮಣೆಗೂ ಇರುವ ವ್ಯತ್ಯಾಸವೇನೆಂದು ಕೇಳಿದರೆ ತಪ್ಪನ್ನು ಅಳಿಸುವ ಸೌಕರ್ಯವನ್ನೇ ಹಲವರು ಮೊದಲು ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಒತ್ತಿದ ಕೀಲಿಗೂ ಮೂಡುವ ಅಕ್ಷರಕ್ಕೂ ಇರುವ ನಂಟು.

1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ ಶೋಲ್ಸ್–ಗ್ಲಿಡನ್ ಯಂತ್ರದಿಂದ ಮೊದಲುಗೊಂಡು, ಸಾಮಾನ್ಯ ಬೆರಳಚ್ಚು ಯಂತ್ರದ ಪ್ರತಿ ಕೀಲಿಯೂ ಸನ್ನೆಗೋಲುಗಳ ಮೂಲಕ ಒಂದು ಅಚ್ಚಿಗೆ ಜೋಡಣೆಯಾಗಿತ್ತು. ಬೆರಳಿನ ಬಲವೇ ಆ ಅಚ್ಚನ್ನು ಎತ್ತಿ, ಶಾಯಿಪಟ್ಟಿಯ ಮೇಲಿಂದ ಕಾಗದಕ್ಕೆ ಬಡಿಯುತ್ತಿತ್ತು. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಬಳಕೆಗೆ ಬಂದ, ಮುದ್ರಣಕ್ಕೆ ಬೇಕಾದ ಅಕ್ಷರಗಳ ಸಾಲುಗಳನ್ನು ಎರಕ ಹೊಯ್ಯುವ ಯಂತ್ರವಾದ ಲೈನೋಟೈಪ್‌ಗೂ ಕೀಲಿಗಳಿದ್ದವು, ಒಂದೆರಡಲ್ಲ, ತೊಂಬತ್ತು. ಆದರೆ ಅಲ್ಲಿ ಕೀಲಿ ಒತ್ತಿದರೆ ಕಾಗದದ ಮೇಲೆ ಏನೂ ಮೂಡುತ್ತಿರಲಿಲ್ಲ: ಪೆಟ್ಟಿಗೆಯಿಂದ ಹಿತ್ತಾಳೆಯ ಪಡಿಯಚ್ಚೊಂದು ಜಾರಿ ಸಾಲಿಗೆ ಸೇರುತ್ತಿತ್ತು, ಸಾಲು ತುಂಬಿದ ಮೇಲೆ ಕರಗಿದ ಲೋಹದಲ್ಲಿ ಅದು ಇಡಿಯಾಗಿ ಎರಕವಾಗುತ್ತಿತ್ತು. ನಡುವೆ ತಪ್ಪಾದರೆ ಕೆಲಸಗಾರನು ಎಡಬದಿಯ ಕೀಲಿಗಳನ್ನು ಮೇಲಿನಿಂದ ಕೆಳಕ್ಕೆ ಸರಸರನೆ ಒತ್ತಿ, ಆ ಸಾಲನ್ನು ಹೇಗೋ ತುಂಬಿಸಿ, ಎರಕವಾದ ಮೇಲೆ ಎಸೆಯುತ್ತಿದ್ದನು. ಎಸೆಯಲು ಮರೆತ ದಿನ 'ಎಟಾಯಿನ್ ಶ್ರಡ್ಲು' ಎಂಬ ಅರ್ಥವಿಲ್ಲದ ಅಕ್ಷರಮಾಲೆ ಪತ್ರಿಕೆಯಲ್ಲಿಯೇ ಅಚ್ಚಾಗಿಬಿಡುತ್ತಿತ್ತು!

ಕಂಪ್ಯೂಟರಿನಲ್ಲಿ ಈ ನಂಟು ಪೂರ್ತಿ ಕಳಚಿದೆ. 1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ 'ಎ' ಕೀಲಿಯನ್ನು ಒತ್ತಿದಾಗ 30 ಎಂಬ ಸಂಖ್ಯೆಯೂ ಬಿಟ್ಟಾಗ 158 ಎಂಬ ಸಂಖ್ಯೆಯೂ ಯಂತ್ರಕ್ಕೆ ಹೋಗುತ್ತಿದ್ದವು. ಅದು ಯಾವ ಅಕ್ಷರವೆಂದು ತೀರ್ಮಾನಿಸುತ್ತಿದ್ದುದು ತಂತ್ರಾಂಶ.

ಕನ್ನಡದವರಿಗೆ ಇದರಿಂದ ಆದ ಲಾಭ ದೊಡ್ಡದು. ಬೆರಳಚ್ಚು ಯಂತ್ರದಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಒತ್ತುವ ಕ್ರಮವಾದ್ದರಿಂದ 'ಧರ್ಮ' ಎಂದು ಹೊಡೆಯಲು ಧ, ಮ ಎರಡೂ ಮೂಡಿದ ಬಳಿಕ ಅರ್ಕಾವೊತ್ತನ್ನು ಹಾಕಬೇಕಾಗಿತ್ತು. ಕಂಪ್ಯೂಟರಿಗೆಂದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಉಚ್ಚಾರಣೆಯ ಕ್ರಮದಲ್ಲಿಯೇ ಧ, ರ, 'ಎಫ್' ಕೀಲಿಯಲ್ಲಿರುವ ಹಲಂತ (ವ್ಯಂಜನದ ಸ್ವರವನ್ನು ಕಳೆಯುವ ಗುರುತು), ಮ ಎಂದು ಒತ್ತುತ್ತೇವೆ. ಅರ್ಕಾವೊತ್ತನ್ನು ಮಕಾರದ ಆಚೆಗೆ ಸರಿಸಿ ಕೂರಿಸುವ ಹೊಣೆ ತಂತ್ರಾಂಶದ್ದು ಮತ್ತು ಫಾಂಟಿನದು. ಬೆರಳಚ್ಚಿನಲ್ಲಿ ಪಳಗಿದ ಕೈಗೆ ಈ ಕ್ರಮ ಮೊದಲಿಗೆ ತಿರುವುಮುರುವಾಗಿ ತೋರುವುದು ಸಹಜ. ಹೊಸದಾಗಿ ಕಲಿಯುವವರಿಗಂತೂ ನಾನು ಉಚ್ಚಾರಣೆಯ ಕ್ರಮವನ್ನೇ ಸೂಚಿಸುತ್ತೇನೆ, ಏಕೆಂದರೆ ಅದಕ್ಕೆ ಅಕ್ಷರದ ತುಂಡುಗಳು ಯಾವ ಕೀಲಿಯಲ್ಲಿವೆ ಎಂದು ಬಾಯಿಪಾಠ ಮಾಡಬೇಕಾಗಿಲ್ಲ.